ಶೂರ್ ಎಸ್‌ಎಂ58: ಹತ್ತಡಿ ಕೋಣೆಯಲ್ಲಿ ಎಂಟು ತತ್ವಪದಗಳು

ಶೂರ್ ಕಂಪನಿಯ ಎಸ್‌ಎಂ58 ಮೈಕನ್ನು ನಮ್ಮ ದಾವಣಗೆರೆಯಲ್ಲಿ ಹೆಚ್ಚಿನವರು ವೇದಿಕೆಯ ಮೇಲಷ್ಟೇ ಕಂಡಿದ್ದಾರೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಇರಲಿ, ಮಠದ ಪ್ರವಚನ ಇರಲಿ, ಗುಂಡನೆಯ ಉಕ್ಕಿನ ಜಾಲರಿಯ ಆ ಮೈಕೇ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಚಿಕ್ಕಪ್ಪ ಹಾಡುವ ಎಂಟು ತತ್ವಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಆಲ್ಬಂ ಹೊರತರಬೇಕೆಂದು ಹೊರಟಾಗ ನಾನೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೊನೆಗೆ ಎಂಟೂ ಹಾಡುಗಳ ಗಾಯನ ಮುದ್ರಣವಾದದ್ದು ಇದರಲ್ಲೇ. 1966ರಲ್ಲಿ ಬಂದ ಈ ಮೈಕಿನ ಹೆಸರಿನಲ್ಲಿರುವ ಎಸ್‌ಎಂ ಎಂದರೆ ‘ಸ್ಟುಡಿಯೊ ಮೈಕ್ರೊಫೋನ್’ ಎಂದು ನನಗೆ ತಿಳಿದದ್ದು ಅದನ್ನು ಕೊಂಡ ಮೇಲೆ.

ಮೊದಲು ತಂದದ್ದು ಸಣ್ಣ ಸದ್ದನ್ನೂ ಹಿಡಿಯುವ ಸೂಕ್ಷ್ಮ ಮಾದರಿಯ ಕಂಡೆನ್ಸರ್ ಮೈಕ್. ರೈಲು ಹಳಿ ಊರಿನ ನಡುವೆಯೇ ಹಾದುಹೋಗುವ ನಮ್ಮಲ್ಲಿ, ಹಳಿಯಿಂದ ಎರಡು ಬೀದಿ ಈಚೆಗಿರುವ ಮನೆಯಲ್ಲಿ, ಆ ಮೈಕು ಹಾಡಿನ ಜೊತೆಗೆ ಗೂಡ್ಸ್ ಗಾಡಿಯ ಹಾರ್ನ್, ಪಕ್ಕದ ಮನೆಯ ಕುಕ್ಕರಿನ ಸೀಟಿ, ಬರಿಯ ಗೋಡೆಗೆ ಬಡಿದು ಮರಳುವ ಚಿಕ್ಕಪ್ಪನದೇ ದನಿ, ಎಲ್ಲವನ್ನೂ ಹಿಡಿಯಿತು. ದೋಷ ಮೈಕಿನದಲ್ಲ. ಅದನ್ನು ಬಾಯಿಂದ ಒಂದು ಅಡಿ ದೂರದಲ್ಲಿ ಇಟ್ಟಿದ್ದೆವು. ಹತ್ತಿರ ತಂದರೆ ಉಸಿರಿನ ಹೊಡೆತವನ್ನು ಅದು ತಾಳುತ್ತಿರಲಿಲ್ಲ.

ಎಸ್‌ಎಂ58 ಡೈನಮಿಕ್ ಮೈಕು, ಅಂದರೆ ದನಿಗೆ ಅಲುಗುವ ತಂತಿಸುರುಳಿಯಿಂದ ಕೆಲಸ ಮಾಡುವಂಥದು. ಇಂಥ ಮೈಕಿಗೆ ಕೋಣೆಯ ಸದ್ದು ಕೇಳಿಸುವುದಿಲ್ಲ ಎಂಬ ಮಾತು ಎಲ್ಲೆಡೆ ಇದೆ. ಅದು ನಿಜವಲ್ಲ. ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ, ಏರಿಸಿದರೆ ಅದಕ್ಕೂ ಕೇಳಿಸುತ್ತದೆ. ಎಸ್‌ಎಂ58ರ ನಿಜವಾದ ಗುಣವೆಂದರೆ, ಜಾಲರಿಯೊಳಗಿನ ಸ್ಪಂಜು ಉಸಿರನ್ನು ತಡೆಯುವುದರಿಂದ ಅದು ತೀರ ಹತ್ತಿರದಿಂದ ಹಾಡಗೊಡುತ್ತದೆ. ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದಾಗಲೆಲ್ಲ ಕೋಣೆಯ ಸದ್ದಿಗಿಂತ ದನಿ ಸುಮಾರು 6 ಡೆಸಿಬೆಲ್ ಮೇಲೇಳುತ್ತದೆ. ಒಂದು ಅಡಿಯಿಂದ ಮೂರು ಇಂಚಿಗೆ ಬಂದರೆ 12 ಡೆಸಿಬೆಲ್. ನಮ್ಮಂಥ ಮನೆಗಳಲ್ಲಿ ಈ ಲಾಭವನ್ನು ಯಾವ ಸಾಫ್ಟ್‌ವೇರೂ ಕೊಡಲಾರದು. ಇದರ ಜೊತೆಗೆ ಈ ಮೈಕು ಕಾರ್ಡಿಯಾಯ್ಡ್ ಮಾದರಿಯದು, ಬೆನ್ನ ಕಡೆಯಿಂದ ಬರುವ ಸದ್ದು ಅದಕ್ಕೆ ಬಹಳ ಕಡಿಮೆ ಕೇಳಿಸುತ್ತದೆ. ಬೀದಿಯ ಕಿಟಕಿ ಮೈಕಿನ ಬಾಲದ ಕಡೆಗೆ ಬರುವಂತೆ ಕೂತ ದಿಕ್ಕನ್ನು ಬದಲಿಸಿದ ದಿನ ಅರ್ಧ ತಲೆನೋವು ಇಳಿಯಿತು.

ಹತ್ತಿರದಿಂದ ಹಾಡಿದರೆ ತಗ್ಗಿನ ಸ್ವರಗಳು ಉಬ್ಬುತ್ತವೆ. ಚಿಕ್ಕಪ್ಪನ ದನಿಗೆ ಅದು ತುಂಬುಗಾಂಭೀರ್ಯ ಕೊಟ್ಟರೂ, 90 ಹರ್ಟ್ಜ್‌ನ ಕೆಳಗಿನದನ್ನು ಸೋಸಿ ತೆಗೆಯಬೇಕಾಯಿತು. ಇನ್ನೊಂದು ತೊಡಕು ನಮ್ಮ ಭಾಷೆಯದೇ: ‘ಭವ’, ‘ಭಕ್ತ’, ‘ಫಲ’ ಎಂಬಂಥ ಮಹಾಪ್ರಾಣದ ಶಬ್ದಗಳು ಬಂದಾಗ ಸ್ಪಂಜನ್ನೂ ದಾಟಿ ಗಾಳಿ ಗುದ್ದುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಹಿಡಿಯದೆ, ತುಟಿಯ ಮೂಲೆಗೆ ನಾಲ್ಕು ಬೆರಳಿನಷ್ಟು ಅಂತರದಲ್ಲಿ ಓರೆಯಾಗಿ ನಿಲ್ಲಿಸಿದಾಗ ಅದು ನಿಂತಿತು. ಭಜನೆಯಲ್ಲಿ ನಲವತ್ತು ವರ್ಷ ಹಾಡಿದ ಚಿಕ್ಕಪ್ಪ ತಾರಸ್ಥಾಯಿಗೆ ಹೋಗುವಾಗ ತಾವಾಗಿಯೇ ತಲೆ ಹಿಂದಕ್ಕೆ ಸರಿಸುತ್ತಾರೆ. ‘ಅಲ್ಲಾಡಬೇಡಿ’ ಎಂದು ಮೊದಲ ದಿನ ಅವರಿಗೆ ಹೇಳಿದ್ದು ನನ್ನ ತಪ್ಪು. ಆ ಸರಿದಾಟವೇ ದನಿಯ ಏರಿಳಿತ ತಗ್ಗಿಸುವ ಯಾವ ಕಂಪ್ರೆಸರಿಗಿಂತ ಚೆನ್ನಾಗಿ ದನಿಯ ಮಟ್ಟವನ್ನು ಹದದಲ್ಲಿ ಇಡುತ್ತಿತ್ತು.

ಕೊಳ್ಳುವವರು ತಿಳಿದಿರಬೇಕಾದ ಮುಖ್ಯ ಕೊರತೆ ಇದರ ಮೆಲುದನಿ. ಇದರ ಸಂವೇದನೆ, ಅಂದರೆ ಒಂದು ಪ್ಯಾಸ್ಕಲ್ ಸದ್ದಿನ ಒತ್ತಡಕ್ಕೆ ಅದು ಕೊಡುವ ವಿದ್ಯುತ್ತು, 1.85 ಮಿಲಿವೋಲ್ಟ್ ಮಾತ್ರ. ಸಾಧಾರಣ ಕಂಡೆನ್ಸರ್ ಮೈಕು ಇದರ ಐದಾರು ಪಟ್ಟು ಕೊಡುತ್ತದೆ. ಮೆಲ್ಲಗೆ ಹಾಡುವ ಸಾಲುಗಳಿಗೆ, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸಿನ ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸಬೇಕಾಯಿತು, ಅಗ್ಗದ ನನ್ನ ಇಂಟರ್‌ಫೇಸ್ ‘ಸ್ಸ್’ ಎಂದು ಹಿಸುಗುಟ್ಟಿತು. ಕ್ಲೌಡ್‌ಲಿಫ್ಟರ್‌ನಂಥ ಬೂಸ್ಟರ್ ಹಾಕಿದರೆ 25 ಡೆಸಿಬೆಲ್ ಸಿಗುತ್ತದೆ, ಆದರೆ ಅದರ ಬೆಲೆಗೆ ಇನ್ನೊಂದು ಮೈಕೇ ಬರುತ್ತದೆ. ನಾನು 24 ಬಿಟ್‌ನಲ್ಲಿ ಮುದ್ರಿಸಿ, ಏರುದನಿಯೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲುವಂತೆ ಇಟ್ಟುಕೊಂಡೆ. ಮೀಟರನ್ನು ಕೆಂಪಿನವರೆಗೆ ಓಡಿಸುವ ಚಟ ಬಿಟ್ಟರೆ ಹಿಸುಗುಟ್ಟುವಿಕೆಯೂ ತಗ್ಗುತ್ತದೆ.

ಎಷ್ಟು ಹತ್ತಿರ ಹಾಡಿದರೂ ಕೋಣೆ ತನ್ನ ಪಾಲನ್ನು ಬಿಡಲಿಲ್ಲ. ನಮ್ಮದು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಎದುರುಬದುರಿನ ಗೋಡೆಗಳ ನಡುವೆ ಸದ್ದು ಮರಳಿ ಮರಳಿ ಬಡಿಯುವುದರಿಂದ ಇಂಥ ಕೋಣೆಯಲ್ಲಿ 56 ಹರ್ಟ್ಜ್ ಮತ್ತು ಅದರ ಇಮ್ಮಡಿಯಾದ 112 ಹರ್ಟ್ಜ್ ಮೂರು ದಿಕ್ಕಿನಿಂದಲೂ ಮೊರೆಯುತ್ತವೆ. ಹಾರ್ಮೋನಿಯಂನ ಕರಿ ಒಂದರ ಶ್ರುತಿಯಲ್ಲಿ ಹಾಡುವ ಚಿಕ್ಕಪ್ಪನ ಮಂದ್ರ ಕೋಮಲ ಧೈವತ 111 ಹರ್ಟ್ಜ್ ಹತ್ತಿರ ಬರುತ್ತದೆ. ಭೈರವಿಯ ಹಾಡೊಂದರಲ್ಲಿ ಆ ಒಂದೇ ಸ್ವರ ಕೊಡದೊಳಗೆ ಕೂಗಿದಂತೆ ಏಕೆ ಕೇಳುತ್ತಿದೆ ಎಂದು ಎರಡು ವಾರ ಮೈಕನ್ನು, ಕೇಬಲನ್ನು, ಕೊನೆಗೆ ಅವರ ಗಂಟಲನ್ನೂ ಅನುಮಾನಿಸಿದೆ. ಕುರ್ಚಿಯನ್ನು ಕೋಣೆಯ ನಟ್ಟನಡುವೆ ಹಾಕಿದ್ದೇ ಕಾರಣವಾಗಿತ್ತು, ಗೋಡೆಯ ಬುಡದಲ್ಲಿರುವಂತೆ ಅಲ್ಲಿಯೂ ಆ ಸ್ವರದ ಒತ್ತಡ ಅತಿ ಹೆಚ್ಚು. ಗೋಡೆಯಿಂದ ಎರಡೂವರೆ ಅಡಿಗೆ ಸರಿದು, ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತಾಗ ಮೊರೆತ ಬಹುಮಟ್ಟಿಗೆ ಅಡಗಿತು. ಚಿಕ್ಕಪ್ಪ ಕೂತವರೇ, ‘ಮೊದಲಿಂದ ನಾನು ಹೇಳಿದ್ದು ಇದನ್ನೇ ಅಲ್ಲೇನಪ್ಪ, ನೆಲದ ಮೇಲೆ ಕುಂತ್ರೇನೇ ಪದ ಬರೋದು’ ಎಂದರು.

ಉಳಿದ ಪ್ರತಿಧ್ವನಿಗೆ ಚಳ್ಳಕೆರೆಯ ಎರಡು ಕುರಿ ಉಣ್ಣೆ ಕಂಬಳಿಗಳು ಸಾಕಾದವು. ಅವನ್ನು ಗೋಡೆಗೆ ಅಂಟಿಸಿ ಕಟ್ಟಬಾರದು, ನಡುವೆ ನಾಲ್ಕೈದು ಇಂಚು ಗಾಳಿಗೆ ಜಾಗ ಬಿಡಬೇಕು; ಆಗ ಅವು ಇನ್ನಷ್ಟು ತಗ್ಗಿನ ಸದ್ದನ್ನೂ ಹೀರುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ನಿಲ್ಲಿಸಿ ಕಂಬಳಿಗಳ ನಡುವೆ ಹಾಡುವುದು ಕಷ್ಟ. ನಾವು ಬೆಳಗಿನ ಐದರಿಂದ ಏಳರವರೆಗೆ ಮಾತ್ರ ಕೂರುತ್ತಿದ್ದೆವು. ಲ್ಯಾಪ್‌ಟಾಪ್ ಚಾರ್ಜರಿನಿಂದ ಬರುತ್ತಿದ್ದ ಗುಂಯ್‌ಗುಡುವಿಕೆ, ಅದನ್ನು ಕಿತ್ತು ಬ್ಯಾಟರಿಯಲ್ಲೇ ನಡೆಸಿದಾಗ ನಿಂತಿತು.

ಈ ಮೈಕಿನ ನಕಲಿಗಳು ಬಹಳ ಇವೆ. ನಾನು ಕೊಂಡಾಗ ಬೆಲೆ ಹತ್ತು ಸಾವಿರದ ಆಚೀಚೆ ಇತ್ತು; ಅದರ ಅರ್ಧಕ್ಕೆ ಯಾರಾದರೂ ಕೊಟ್ಟರೆ ಅನುಮಾನಿಸಲೇಬೇಕು. ಕಂಪನಿ ಹೇಳುವ ತೂಕ 298 ಗ್ರಾಂ. ನಾನು ನನ್ನದನ್ನು ಬೀದಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿಯೇ ಸಮಾಧಾನಪಟ್ಟೆ.

ಹಾರ್ಮೋನಿಯಂ ಮತ್ತು ದಮ್ಮಡಿಗೂ ಇದೇ ಮೈಕು ಒಪ್ಪಿತು. ತಾಳಕ್ಕೆ ಒಪ್ಪಲಿಲ್ಲ. 15,000 ಹರ್ಟ್ಜ್‌ಗೆ ಇದರ ಕಿವಿ ಮುಗಿಯುತ್ತದೆ, ಕಂಚಿನ ತಾಳದ ಕೊನೆಯ ಮಿನುಗು ಅದರಾಚೆಗೂ ಇದೆ. ಅದೊಂದಕ್ಕಾಗಿ ಮೂಲೆ ಸೇರಿದ್ದ ಕಂಡೆನ್ಸರ್ ಮೈಕನ್ನು ಮತ್ತೆ ತೆಗೆದು, ಬೀದಿ ಮಲಗಿದ ಮೇಲೆ, ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ಎಂಟೂ ಹಾಡುಗಳ ತಾಳವನ್ನು ಒಂದೇ ರಾತ್ರಿ ಮುದ್ರಿಸಿದೆವು.