ಟ್ರೇಲ್ ಸವಾರಿಗೆ ಸಿಂಗಲ್ ಸ್ಪೀಡೋ, ಗೇರೋ: ಒಂದೇ ಫ್ರೇಮಿನ ಮೇಲೆ ಎರಡು ವರ್ಷ

ಬೆಂಗಳೂರಿನ ಸೈಕಲ್ ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ "ಗೇರ್ ಬೇಕಾ ಸಾರ್, ನಾನ್‌ಗೇರ್ ಸಾಕಾ?" ಎಂಬುದು. ಅಂಗಡಿಯವರ ಮಟ್ಟಿಗೆ ಅದು ಜೇಬಿನ ಪ್ರಶ್ನೆ. ನಾನ್‌ಗೇರ್ ಎಂದರೆ ಅಗ್ಗದ್ದು, ಗೇರ್ ಎಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಕಾಡುದಾರಿಯಲ್ಲಿ, ಬಂಡೆಗಳ ನಡುವೆ ಓಡಿಸಲು ಸೈಕಲ್ ಕೊಳ್ಳುವವರಿಗೆ ಈ ವಿಂಗಡಣೆ ಯಾವ ನೆರವನ್ನೂ ಕೊಡುವುದಿಲ್ಲ. ಆ ಕಾರಣಕ್ಕಾಗಿ, ಒಂದೇ ಸೈಕಲ್ಲನ್ನು ಮೊದಲ ವರ್ಷ ಗೇರಿಲ್ಲದೆಯೂ (ಅಂದರೆ ಸಿಂಗಲ್ ಸ್ಪೀಡ್ ಆಗಿ) ಎರಡನೆಯ ವರ್ಷ ಹತ್ತು ಗೇರುಗಳೊಂದಿಗೂ ಓಡಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೈಕಲ್ಲು ಉಕ್ಕಿನ ಹಾರ್ಡ್‌ಟೇಲ್. ಅಂದರೆ ಮುಂದೆ ಮಾತ್ರ ಸಸ್ಪೆನ್ಶನ್, ಹಿಂದೆ ಇಲ್ಲ. ಚಕ್ರ 29 ಇಂಚು, ಟೈರು 2.25 ಇಂಚು, ಬ್ರೇಕು ಹೈಡ್ರಾಲಿಕ್ ಡಿಸ್ಕ್. ಹಿಂದಿನ ಆಕ್ಸೆಲ್ ಕೂರುವ ಜಾಗ ಹಿಂದೆ ಮುಂದೆ ಸರಿಯುವಂತಿರುವುದರಿಂದ, ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸಿ ಬಿಗಿಯಾಗಿಡುವ ಸಾಧನ) ಇಲ್ಲದೆಯೇ ಚೈನನ್ನು ಬಿಗಿ ಮಾಡಿಕೊಳ್ಳಬಹುದು. ಮೊದಲ ವರ್ಷ ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲು, ಹಿಂದಿನದಕ್ಕೆ 20 ಹಲ್ಲು, ಅಷ್ಟೇ. ಎರಡನೆಯ ವರ್ಷ ಅದೇ ಮುಂದಿನ 32ರ ಜೊತೆಗೆ ಹಿಂದೆ 11ರಿಂದ 48 ಹಲ್ಲಿನವರೆಗಿನ ಹತ್ತು ಗೇರಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಜೋಡಣೆ, ಹಾಕಿಸಿದೆ.

ಈ ಸಂಖ್ಯೆಗಳು ಕಾಲಿಗೆ ಏನು ಮಾಡುತ್ತವೆ ಎಂಬುದನ್ನು ಮೊದಲು ನೋಡಬೇಕು. ಈ ಟೈರಿನ ಸುತ್ತಳತೆ ಸುಮಾರು 2.3 ಮೀಟರ್. 32ಕ್ಕೆ 20 ಇದ್ದಾಗ ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. 48 ಹಲ್ಲಿನ ಗೇರಿನಲ್ಲಿ ಅದೇ ಸುತ್ತಿಗೆ ಕೇವಲ ಒಂದೂವರೆ ಮೀಟರ್. ಕಡಿದಾದ ಏರಿನಲ್ಲಿ ಗಂಟೆಗೆ 5.5 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದೇನೆ ಎಂದುಕೊಂಡರೆ, ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯುತ್ತಿರುತ್ತೇನೆ. ಸಿಂಗಲ್ ಸ್ಪೀಡಿನಲ್ಲಿ 25 ಸುತ್ತು. ನಿಮಿಷಕ್ಕೆ 25 ಎಂದರೆ ತುಳಿಯುವುದಲ್ಲ, ಒಂದೊಂದು ಕಾಲಿಗೂ ಇಡೀ ಮೈಭಾರ ಹಾಕಿ, ಹ್ಯಾಂಡಲನ್ನು ಎದೆಯ ಕಡೆಗೆ ಎಳೆದುಕೊಂಡು ಮೆಟ್ಟಿಲು ಹತ್ತುವುದು. ಸಪಾಟಿನಲ್ಲಿ ಇದರ ತಿರುವುಮುರುವು: ನಿಮಿಷಕ್ಕೆ 90 ಸುತ್ತು ತುಳಿದರೂ ಸಿಂಗಲ್ ಸ್ಪೀಡು ಗಂಟೆಗೆ 20 ಕಿ.ಮೀ. ದಾಟುವುದಿಲ್ಲ, ಹನ್ನೊಂದು ಹಲ್ಲಿನ ಗೇರಿನಲ್ಲಿ 36 ಮುಟ್ಟುತ್ತದೆ.

ಇಷ್ಟು ಓದಿದವರು ಗೇರೇ ಲೇಸೆಂದು ತೀರ್ಮಾನಿಸಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಯಲಹಂಕದಾಚೆಯ ಆವಲಹಳ್ಳಿ ಕಾಡಿನ ದಾರಿಗಳಲ್ಲಿ ಆ ಲೆಕ್ಕ ಪೂರ್ತಿಯಾಗಿ ನಡೆಯಲಿಲ್ಲ. ಅಲ್ಲಿ ನನಗೆ ಸಿಕ್ಕಿದ ಏರುಗಳು ಕಡಿದಾಗಿದ್ದರೂ ಚಿಕ್ಕವು. ಹೆಚ್ಚಿನವು ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಮುಗಿಯುತ್ತಿದ್ದವು. ಗೇರ್ ಬದಲಿಸುವ ಅವಕಾಶವೇ ಇಲ್ಲದಿದ್ದಾಗ ಸವಾರ ದಾರಿಯನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತಾನೆ. ಮುಂದಿನ ತಿರುವಿನಾಚೆ ದಿಣ್ಣೆಯಿದೆ ಎಂದು ಗೊತ್ತಿದ್ದರೆ ಈಗಿನ ಇಳಿಜಾರಿನಲ್ಲಿ ಬ್ರೇಕು ಮುಟ್ಟುವುದಿಲ್ಲ, ಬೇರುಗಳ ಮೇಲೆ ಕೂತು ಕುಲುಕಿಸಿಕೊಳ್ಳುವ ಬದಲು ನಿಂತು ತೇಲಿಸುತ್ತಾನೆ, ತಿರುವಿನ ಹೊರಅಂಚಿನಿಂದ ಒಳಗೆ ಬರುತ್ತಾನೆ. ಕೂಡಿಟ್ಟ ಆ ವೇಗವೇ ದಿಣ್ಣೆಯ ಮುಕ್ಕಾಲು ಭಾಗವನ್ನು ಹತ್ತಿಸಿಬಿಡುತ್ತದೆ, ಉಳಿದ ಕಾಲು ಭಾಗಕ್ಕೆ ಮಾತ್ರ ಕಾಲು ಬೇಕು. ಮೂರು ತಿಂಗಳಲ್ಲಿ, ಹಿಂದೆ ಇಳಿದು ತಳ್ಳುತ್ತಿದ್ದ ಎರಡು ಏರುಗಳನ್ನು ಗೇರಿಲ್ಲದೆ ಹತ್ತಿದೆ. ಕಾಲು ಗಟ್ಟಿಯಾದದ್ದು ಅದಕ್ಕೆ ಸ್ವಲ್ಪ ಕಾರಣ. ಬ್ರೇಕು ಹಿಡಿಯುವ ಚಾಳಿ ಬಿಟ್ಟದ್ದು ಹೆಚ್ಚಿನ ಕಾರಣ.

ಒಂದು ತೊಂದರೆಯನ್ನು ಮಾತ್ರ ಯಾವ ಕೌಶಲವೂ ನೀಗಿಸಲಿಲ್ಲ. ಸಣ್ಣ ಜಲ್ಲಿಕಲ್ಲು ಹರಡಿದ ಏರಿನಲ್ಲಿ ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ, ಪ್ರತಿ ತುಳಿತಕ್ಕೂ ಒತ್ತಡ ಒಮ್ಮೆಲೇ ಬೀಳುತ್ತದೆ, ಟೈರು ಜಾರುತ್ತದೆ. ಗೇರಿನವನು ಸೀಟಿನ ಮೇಲೆ ಕೂತೇ, ಸಮನಾಗಿ ತುಳಿಯುತ್ತಾ ಅದೇ ಜಾಗವನ್ನು ದಾಟಿ ಹೋಗುತ್ತಾನೆ. ಮೊಣಕಾಲಿನ ನೋವಿರುವವರು, ಸೊಂಟ ಹಿಡಿದುಕೊಳ್ಳುವ ಅಭ್ಯಾಸವಿರುವವರು ಸಿಂಗಲ್ ಸ್ಪೀಡನ್ನು ಒಂದು ದಿನದ ಮಟ್ಟಿಗೆ ಎರವಲು ತಂದು ನೋಡದೆ ಖಂಡಿತ ಕೊಳ್ಳಬಾರದು.

ಸಿಂಗಲ್ ಸ್ಪೀಡು ಸಂಪೂರ್ಣವಾಗಿ ಕೈಕೊಟ್ಟದ್ದು ನಂದಿಬೆಟ್ಟದಲ್ಲಿ. ಅಲ್ಲಿನ ಡಾಂಬರು ದಾರಿಯಲ್ಲಿ ಕಲ್ಲೂ ಇಲ್ಲ, ಬೇರೂ ಇಲ್ಲ. ಇರುವುದು ಏಳೆಂಟು ಕಿಲೋಮೀಟರ್ ಬಿಡುವಿಲ್ಲದ ಏರು. ಆವಲಹಳ್ಳಿಯಲ್ಲಿ ಅದಕ್ಕಿಂತ ಕಡಿದಾದ ದಿಣ್ಣೆಗಳನ್ನು ಹತ್ತಿದ್ದವನಿಗೆ ಇಲ್ಲಿ ಮೂರನೆಯ ಕಿಲೋಮೀಟರಿನಲ್ಲೇ ತೊಡೆ ನಡುಗತೊಡಗಿತು, ಇಳಿದು ತಳ್ಳಬೇಕಾಯಿತು. ಹೀಗಾಗಿ ಆಯ್ಕೆ ಮಾಡುವಾಗ ಏರು ಎಷ್ಟು ಕಡಿದು ಎಂಬುದಕ್ಕಿಂತ ಎಷ್ಟು ಉದ್ದ ಎಂಬುದನ್ನು ಕೇಳಬೇಕೆಂದು ನನಗೆ ಅಂದು ಮನವರಿಕೆಯಾಯಿತು. ಚಿಕ್ಕಮಗಳೂರು, ಕೊಡಗಿನ ಕಡೆಯ ಕಾಫಿತೋಟದ ದಾರಿಗಳಲ್ಲಿ ಓಡಿಸುವ ಉದ್ದೇಶವಿರುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ; ಅಲ್ಲಿ ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕಾಗುತ್ತದೆ.

ಮೌಂಟನ್ ಬೈಕಿಗೆ ಗೇರು ಬಂದದ್ದರ ಹಿಂದೆಯೂ ಉದ್ದನೆಯ ಏರೇ ಇದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತ್ಯದ ಹುಡುಗರು ಹಳೆಯ ದಪ್ಪ ಟೈರಿನ, ಒಂದೇ ಗೇರಿನ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ಪಂದ್ಯಕ್ಕೆ ರೀಪ್ಯಾಕ್ ಎಂಬ ಹೆಸರು ಬಿದ್ದದ್ದೇ, ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ (ಚಕ್ರದ ನಡುಭಾಗದ) ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗಿ, ಅದನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿದ್ದುದರಿಂದ. ಇಳಿಯಲು ಅವರಿಗೆ ಗೇರು ಬೇಕಿರಲಿಲ್ಲ. ಅವರಲ್ಲೊಬ್ಬನಾದ ಗ್ಯಾರಿ ಫಿಷರ್ ಮುಂತಾದವರು ಅದನ್ನು ಕೂಡಿಸಿದ ಮೇಲೆ ಬೆಟ್ಟವನ್ನು ಮತ್ತೆ ತುಳಿದುಕೊಂಡೇ ಹತ್ತುವುದು ಸಾಧ್ಯವಾಯಿತು.

ಎರಡನೆಯ ವರ್ಷದ ಗೇರಿನ ಅನುಭವಕ್ಕೆ ಬರುತ್ತೇನೆ. ಮೊದಲ ದಿನ ಗಮನಕ್ಕೆ ಬಂದದ್ದು ಸದ್ದು. ಗೇರಿಲ್ಲದಾಗ ಟೈರಿನಡಿ ಒಣಗಿದೆಲೆ ಮುರಿಯುವುದು ಕೇಳಿಸುತ್ತಿತ್ತು. ಈಗ ಒರಟು ಜಾಗಗಳಲ್ಲಿ ಚೈನು ಫ್ರೇಮಿಗೆ ಬಡಿಯುವುದು ಕೇಳಿಸುತ್ತಿತ್ತು. ತೂಕವೂ ಸುಮಾರು ಒಂದು ಕೆ.ಜಿ. ಏರಿತು, ಅದರಲ್ಲಿ ಹೆಚ್ಚಿನ ಪಾಲು ಕ್ಯಾಸೆಟ್ಟಿನದೇ ಆದ್ದರಿಂದ ಹಿಂದಿನ ಚಕ್ರವನ್ನು ಎತ್ತಿ ಹಾರಿಸುವಾಗ ವ್ಯತ್ಯಾಸ ತಿಳಿಯುತ್ತದೆ. ಮಳೆಗಾಲದಲ್ಲಿ ಜೇಡಿಮಣ್ಣು ಡಿರೇಲರಿನ ಎರಡು ಪುಟ್ಟ ಗಾಲಿಗಳ ನಡುವೆ ಹುಲ್ಲಿನ ಸಮೇತ ಸುತ್ತಿಕೊಂಡಿತು. ಕಡ್ಡಿಯಿಂದ ಕೆರೆದು ತೆಗೆಯುತ್ತಾ ಕೂತಿದ್ದಾಗ ಹಿಂದಿನ ವರ್ಷದ ಒಂಟಿ ಹಲ್ಲುಚಕ್ರ ನೆನಪಾಯಿತು. ಮತ್ತೊಮ್ಮೆ ಎರಡು ಬಂಡೆಗಳ ನಡುವಿನ ಸಂದಿನಲ್ಲಿ ಡಿರೇಲರ್ ತಗುಲಿ ಅದನ್ನು ಹಿಡಿದಿಡುವ ಹ್ಯಾಂಗರ್ ಒಳಕ್ಕೆ ಬಾಗಿತು. ಕಣ್ಣಿಗೆ ಕಾಣದಷ್ಟೇ ಬಾಗಿದ್ದರೂ, ಏರಿನಲ್ಲಿ ಕೆಳಗಿನ ಗೇರಿಗೆ ಬದಲಿಸಿದಾಗ ಚೈನು 48ರ ಹಲ್ಲನ್ನೂ ದಾಟಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಎರಡು ಕಡ್ಡಿ ಹೋದವು, ಮನೆಗೆ ಮರಳಿದ್ದು ಸರಕು ಸಾಗಿಸುವ ಆಟೋದಲ್ಲಿ. ಗೇರ್ ಸೈಕಲ್ಲಿನವರು ತಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡಿರಲೇಬೇಕು, ಏಕೆಂದರೆ ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದು ಅಪರೂಪ.

ಇಷ್ಟೆಲ್ಲ ದೂರಿದರೂ ಆ ವರ್ಷ ನಾನು ಹೆಚ್ಚು ದೂರ ಓಡಿಸಿದೆ. ಅದಕ್ಕೆ ಕಾರಣ ಕಾಡಿನೊಳಗೆ ಇರಲಿಲ್ಲ. ನಮ್ಮ ನಗರದಲ್ಲಿ ಟ್ರೇಲ್ ಎನ್ನುವುದು ಮನೆಯ ಹಿಂದೆ ಇರುವುದಿಲ್ಲ. ಸುಮಾರು ಇಪ್ಪತ್ತು ಕಿ.ಮೀ. ಡಾಂಬರು ತುಳಿದು ಅಲ್ಲಿಗೆ ತಲುಪಬೇಕು, ದಣಿದ ಕಾಲಿನಲ್ಲಿ ಅಷ್ಟನ್ನೇ ಹಿಂದಿರುಗಬೇಕು. ಸಿಂಗಲ್ ಸ್ಪೀಡಿನ ದಿನಗಳಲ್ಲಿ ಜೊತೆಗಾರರು ಸಲೀಸಾಗಿ ಮುಂದೆ ಸಾಗುತ್ತಿದ್ದರೆ ನಾನು ಹೊಲಿಗೆ ಯಂತ್ರದಂತೆ ಕಾಲಾಡಿಸುತ್ತಾ ಹಿಂದೆ ಉಳಿಯುತ್ತಿದ್ದೆ. ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವವರಿಗೆ ಈ ಕಷ್ಟವಿಲ್ಲ, ಅವರು ಈ ಪ್ಯಾರಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಅಂಗಡಿಯ ಪ್ರಶ್ನೆಗೆ ಮರಳಿದರೆ, ಹತ್ತು ಸಾವಿರದ ಆಸುಪಾಸಿನಲ್ಲಿ ಮೌಂಟನ್ ಬೈಕಿನ ಆಕಾರದಲ್ಲಿ ಸಿಗುವ ನಾನ್‌ಗೇರ್ ಸೈಕಲ್ಲು ಮೇಲೆ ಹೇಳಿದ ಸಿಂಗಲ್ ಸ್ಪೀಡ್ ಅಲ್ಲ. ಅದರ ಹಲ್ಲುಗಳ ಲೆಕ್ಕ ಸಪಾಟು ರಸ್ತೆಗೆ ಹೊಂದಿಸಿದ್ದು, ತೂಕ ವಿಪರೀತ. ಕಾಡಿನ ಮೊದಲ ದಿಣ್ಣೆಯಲ್ಲೇ ಅದನ್ನು ತಳ್ಳಬೇಕು. 21 ಗೇರಿನ ಅಗ್ಗದ ಸೈಕಲ್ಲಿನ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮುಂದೆ ಮೂರು, ಹಿಂದೆ ಏಳು ಎಂದು ಕೇಳಲು ದೊಡ್ಡದಾಗಿದ್ದರೂ, ಮುಂದಿನ ಚಿಕ್ಕ ಚಕ್ರ 24 ಹಲ್ಲು, ಹಿಂದಿನ ದೊಡ್ಡದು 28 ಹಲ್ಲು ಇರುವ ಕಡೆ, 26 ಇಂಚಿನ ಚಕ್ರದಲ್ಲೂ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಆಗುತ್ತದೆ. ಅಂದರೆ ಏರಿಗೆ ಬೇಕಾದ ಹಗುರ ಗೇರು ಹತ್ತರ ಕ್ಯಾಸೆಟ್ಟಿನಲ್ಲಿ ಇದೆ, ಇಪ್ಪತ್ತೊಂದರಲ್ಲಿ ಇಲ್ಲ. ಸಾಲದ್ದಕ್ಕೆ ಇಂಥವುಗಳಲ್ಲಿ ಕ್ಯಾಸೆಟ್ಟಿನ ಬದಲು ಹಬ್ಬಿಗೆ ತಿರುಪಿ ಕೂರಿಸುವ ಫ್ರೀವೀಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇರುತ್ತದೆ. ಬಲಗಡೆಯ ಬೇರಿಂಗು ಫ್ರೇಮಿನಿಂದ ದೂರ ಉಳಿಯುವುದರಿಂದ ಕಲ್ಲುದಾರಿಯ ಪೆಟ್ಟಿಗೆ ಆಕ್ಸೆಲ್ ಬಾಗುತ್ತದೆ.

ಒಂದೇ ಸೈಕಲ್ಲು ಕೊಳ್ಳುವವರಿಗೆ ನನ್ನ ಸಲಹೆ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಅಗಲ ಹರವಿನ ಕ್ಯಾಸೆಟ್ ಇರುವ ಗೇರ್ ಸೈಕಲ್. 2016ರಲ್ಲಿ ಸ್ರಾಮ್ ಕಂಪನಿಯ ಈಗಲ್ 10ರಿಂದ 50 ಹಲ್ಲಿನ ಹನ್ನೆರಡು ಗೇರುಗಳನ್ನು ತಂದಾಗ ಇಂಥದ್ದು ದುಬಾರಿಯಾಗಿತ್ತು; 2020ರಲ್ಲಿ ಶಿಮಾನೋ ಕಂಪನಿ ತನ್ನ ಮಧ್ಯಮ ಬೆಲೆಯ ಡಿಯೋರ್ ಮಟ್ಟಕ್ಕೂ 10ರಿಂದ 51 ಹಲ್ಲಿನ ಕ್ಯಾಸೆಟ್ ಇಳಿಸಿದ ಮೇಲೆ ಅದು ಸಾಮಾನ್ಯ ಸವಾರನ ಕೈಗೂ ಎಟುಕುವಂತಾಗಿದೆ. ಹತ್ತಿರದಲ್ಲಿ ಚಿಕ್ಕ ಏರಿಳಿತದ ಟ್ರೇಲ್ ಇದ್ದು, ಈಗಾಗಲೇ ಒಂದು ಗೇರ್ ಸೈಕಲ್ ಇರುವವರು ಮಾತ್ರ ಸಿಂಗಲ್ ಸ್ಪೀಡಿಗೆ ಹಣ ಹಾಕಲಿ. ಆಗಲೂ 29 ಇಂಚಿನ ಚಕ್ರಕ್ಕೆ 32ಕ್ಕೆ 20ರಿಂದ ಆರಂಭಿಸಿ, ಕಾಲು ಕೇಳಿದರೆ 18ಕ್ಕೆ ಇಳಿಯುವುದು ಒಳ್ಳೆಯದು.

ಹೊಸ ಸೈಕಲ್ಲನ್ನೇ ಕೊಳ್ಳಬೇಕೆಂದೂ ಇಲ್ಲ. ಆಕ್ಸೆಲ್ ಜಾಗ ಸರಿಯುವ ಫ್ರೇಮು, ಕ್ಯಾಸೆಟ್ ಕೂರುವ ಹಬ್ಬು ಇದ್ದರೆ ಸಾಕು. ನನ್ನ ಮೆಕ್ಯಾನಿಕ್ ಸವೆದ ಹಳೆಯ ಕ್ಯಾಸೆಟ್ ಒಂದನ್ನು ಬಿಚ್ಚಿ, ಅದರ ಹಲ್ಲುಚಕ್ರಗಳ ನಡುವಿನ ಪ್ಲಾಸ್ಟಿಕ್ ಬಳೆಗಳನ್ನು ಎತ್ತಿಟ್ಟುಕೊಂಡ. 20 ಹಲ್ಲಿನ ಒಂಟಿ ಚಕ್ರದ ಎರಡೂ ಬದಿಗೆ ಅವನ್ನೇ ಪೋಣಿಸಿ, ಚೈನು ಮುಂದಿನಿಂದ ಹಿಂದಕ್ಕೆ ನೇರವಾಗಿ ಬರುವವರೆಗೆ ಒಂದೊಂದೇ ಬಳೆಯನ್ನು ಆ ಕಡೆ ಈ ಕಡೆ ಬದಲಿಸಿದ. ಕೊನೆಗೆ ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿ, ಒಂದು ಸೆಂಟಿಮೀಟರಿನಷ್ಟು ಮಾತ್ರ ಆಡುತ್ತದೆ ಎಂದು ಖಾತ್ರಿ ಮಾಡಿಕೊಂಡು ನಟ್ಟು ಬಿಗಿದ. ಇಡೀ ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ.