ಆಗಸ್ಟಿನಲ್ಲಿ ಚೆಂದ ಕಂಡ ಹಳ್ಳಿಮನೆ, ಜನವರಿಯ ಮೈನಸ್ 35ರಲ್ಲಿ

ಕೆನಡಾದ ಮ್ಯಾನಿಟೋಬಾ, ಸಾಸ್ಕಾಚೆವಾನ್ ಪ್ರಾಂತ್ಯಗಳ ಸಣ್ಣ ಊರುಗಳಿಗೆ ಎಳೆ ಮಕ್ಕಳನ್ನು ಕಟ್ಟಿಕೊಂಡು ಹೊರಟವರು ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಇದನ್ನು ಓದಿ. 2025ರ ಜನವರಿಯಲ್ಲಿ ಕೆನಡಾ ಸರ್ಕಾರ ಗ್ರಾಮೀಣ ಪ್ರದೇಶಗಳಿಗಾಗಿ ಹೊಸ ವಲಸೆ ಯೋಜನೆ ತಂದು 14 ಪ್ರದೇಶಗಳನ್ನು ಆರಿಸಿತು. ಬ್ರಾಂಡನ್, ಸ್ಟೈನ್‌ಬಾಕ್, ಆಲ್ಟೋನಾ, ಮೂಸ್ ಜಾ ಆ ಪಟ್ಟಿಯಲ್ಲಿವೆ. ಕೆಲಸ ಊರೊಳಗೆ ಸಿಗುತ್ತದೆ. ಮನೆ ಮಾತ್ರ ಬಾಡಿಗೆ ಕಡಿಮೆ, ಜಾಗ ದೊಡ್ಡದು, ಮಕ್ಕಳಿಗೆ ಅಂಗಳ ಇದೆ ಎಂದು ಊರಿಂದ 15 ಕಿಲೋಮೀಟರ್ ಆಚೆಯ ಹಳೆಯ ಹೊಲದ ಮನೆಯಾಗುತ್ತದೆ. ಎಡವಟ್ಟು ಶುರುವಾಗುವುದು ಅಲ್ಲಿ.

ಬೆಂಗಳೂರಿನಲ್ಲಿ ನೀರು ಬರದಿದ್ದರೆ ಜಲಮಂಡಳಿಗೆ ಬೈಯಬಹುದು, ಕರೆಂಟ್ ಹೋದರೆ ಬೆಸ್ಕಾಂಗೆ. ಆ ಹೊಲದ ಮನೆಯಲ್ಲಿ ಬಾವಿ, ಪಂಪು, ಒಳಚರಂಡಿ, ಬಿಸಿಗೆ ಬೇಕಾದ ಅನಿಲ, ದಾರಿಯ ಹಿಮ, ಈ ಎಲ್ಲಕ್ಕೂ ಮಂಡಳಿ ನೀವೇ. ಆಗಸ್ಟಿನಲ್ಲಿ ಮನೆ ನೋಡಿದವರಿಗೆ ಇದರಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಕೆಡುವ ರಾತ್ರಿ ಹೆಚ್ಚುಕಡಿಮೆ ಒಂದೇ ಥರ ಕೆಡುತ್ತದೆ. ಹೊರಗೆ ಮೈನಸ್ 35, ಗಾಳಿ ಬೇರೆ. ನಡುರಾತ್ರಿ ಎರಡು ಗಂಟೆಗೆ ಫರ್ನೇಸ್, ಅಂದರೆ ಅನಿಲ ಉರಿಸಿ ಇಡೀ ಮನೆಗೆ ಬಿಸಿಗಾಳಿ ಊದುವ ಯಂತ್ರ, ನಿಲ್ಲುತ್ತದೆ. ಎಲ್ಲರೂ ನಿದ್ದೆಯಲ್ಲಿರುವುದರಿಂದ ಗೊತ್ತಾಗುವುದು ಮಗು ಅತ್ತಾಗಲೇ. ಬೆಳಗಾಗುವಷ್ಟರಲ್ಲಿ ಸಂದಿಗೊಂದಿಯಲ್ಲಿ ಗಾಳಿ ನುಸುಳುವ ಮನೆಯ ಒಳಗಿನ ಉಷ್ಣತೆ 10 ಡಿಗ್ರಿಗೆ ಬಂದಿರಬಹುದು. ಹೊರಗೋಡೆಗೆ ಅಂಟಿಕೊಂಡ ಅಡುಗೆಮನೆಯ ಸಿಂಕಿನ ಕೊಳವೆ ಅಷ್ಟರಲ್ಲೇ ಹೆಪ್ಪುಗಟ್ಟಿರುತ್ತದೆ. ರಿಪೇರಿಯವರಿಗೆ ಫೋನು ಮಾಡಿದರೆ ಅವರ ಮುಂದೆ ಅಂಥದೇ ಹತ್ತು ಮನೆಗಳ ಸರದಿ.

ಆದ್ದರಿಂದ ಮನೆಗೆ ಬಂದ ಮೊದಲ ವಾರವೇ ಫರ್ನೇಸ್ ಎದುರು ನಿಂತು ಒಂದೊಂದನ್ನೂ ಗುರುತಿಸಿಕೊಳ್ಳಿ. ಅದಕ್ಕೆ ಗೋಡೆಯ ಮೇಲೆ ಪ್ರತ್ಯೇಕ ಸ್ವಿಚ್ ಇರುತ್ತದೆ. ನೋಡಲು ದೀಪದ ಸ್ವಿಚ್ಚಿನಂತೆಯೇ ಇರುವುದರಿಂದ ಮಕ್ಕಳೋ ನೆಂಟರೋ ಆರಿಸಿಬಿಡುತ್ತಾರೆ. ಮೊದಲು ನೋಡಬೇಕಾದದ್ದು ಅದು. ಆಮೇಲೆ ಮನೆಯ ಉಷ್ಣತೆ ಹೊಂದಿಸುವ ಥರ್ಮೋಸ್ಟಾಟಿನ ಬ್ಯಾಟರಿ. ಅನಂತರ ಫಿಲ್ಟರ್: ಧೂಳು ಕಟ್ಟಿದರೆ ಗಾಳಿ ಹರಿಯದೆ ಯಂತ್ರ ಒಳಗೇ ಕಾದು ತಾನಾಗಿ ನಿಲ್ಲುತ್ತದೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ, ಅದೇ ಅಳತೆಯ ನಾಲ್ಕು ಫಿಲ್ಟರ್ ಮನೆಯಲ್ಲಿಟ್ಟಿರಿ. ಫಿಲ್ಟರ್ ಬದಲಿಸಿದವರು ಮುಚ್ಚಳವನ್ನು ಸರಿಯಾಗಿ ಕೂರಿಸದೆ ಹೋದರೂ ಫರ್ನೇಸ್ ಹೊತ್ತಿಕೊಳ್ಳುವುದಿಲ್ಲ, ಮುಚ್ಚಳದ ಹಿಂದೆ ಒಂದು ಸುರಕ್ಷತಾ ಗುಂಡಿ ಇರುತ್ತದೆ. ಆ ಮುಚ್ಚಳದ ಪುಟ್ಟ ಗಾಜಿನಲ್ಲಿ ಮಿನುಗುವ ದೀಪ ಎಷ್ಟು ಸಲ ಮಿನುಗಿತು ಎಂದು ಎಣಿಸಿ. ಯಾವ ಎಣಿಕೆಗೆ ಯಾವ ದೋಷ ಎಂಬ ಪಟ್ಟಿ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುತ್ತಾರೆ. ರಿಪೇರಿಯವರಿಗೆ ಫೋನಿನಲ್ಲಿ ಆ ಎಣಿಕೆ ಹೇಳಿದರೆ ಅವರು ಸರಿಯಾದ ಬಿಡಿಭಾಗ ಹಿಡಿದೇ ಬರುತ್ತಾರೆ.

ಹೊಸ ಬಗೆಯ ಫರ್ನೇಸುಗಳದ್ದು ಇನ್ನೊಂದು ಕಾಯಿಲೆ. ಅವು ಉಸಿರಾಡುವುದು ಹೊರಗೋಡೆಯಿಂದ ಚಾಚಿಕೊಂಡ ಎರಡು ಪ್ಲಾಸ್ಟಿಕ್ ಕೊಳವೆಗಳ ಮೂಲಕ. ಗಾಳಿಗೆ ಹಾರಿಬಂದ ಹಿಮ ಆ ಬಾಯಿಗಳನ್ನು ಮುಚ್ಚಿದರೆ ಒತ್ತಡದ ಸ್ವಿಚ್ ಯಂತ್ರವನ್ನು ನಿಲ್ಲಿಸುತ್ತದೆ. ಹಿಮಗಾಳಿ ಬೀಸಿದ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಹೋಗಿ ಕೈಯಿಂದ ಬಿಡಿಸಿ. ಸಲಾಕೆ ಚುಚ್ಚಬೇಡಿ, ಚಳಿಗೆ ಪ್ಲಾಸ್ಟಿಕ್ ಸೀಳುತ್ತದೆ. ಬರ್ನರ್, ಅನಿಲದ ಕೊಳವೆಗಳ ತಂಟೆಗೆ ಹೋಗಬೇಡಿ. ರಿಪೇರಿಯವರು ಬರುವ ತನಕ ಮಕ್ಕಳ ಕೋಣೆ ಬೆಚ್ಚಗಿಡಲು 1500 ವಾಟಿನ ಎರಡು ವಿದ್ಯುತ್ ಹೀಟರ್ ಬೇಕು. ಅಲ್ಲಿ ಒಂದು ಸರ್ಕ್ಯೂಟ್ ಸಾಮಾನ್ಯವಾಗಿ 120 ವೋಲ್ಟ್, 15 ಆಂಪಿಯರ್, ಅಂದರೆ ಒಟ್ಟು 1800 ವಾಟ್. ಎರಡನ್ನೂ ಒಂದೇ ಸರ್ಕ್ಯೂಟಿಗೆ ಚುಚ್ಚಿದರೆ ಬ್ರೇಕರ್ ಬೀಳುತ್ತದೆ. ಯಾವ ಪ್ಲಗ್ ಯಾವ ಬ್ರೇಕರಿನದು ಎಂದು ಅಕ್ಟೋಬರಿನಲ್ಲೇ ಬರೆದಿಟ್ಟುಕೊಳ್ಳಿ. ಎಕ್ಸ್‌ಟೆನ್ಶನ್ ವೈರಿಗೆ ಹೀಟರ್ ಹಾಕಬೇಡಿ.

ಒಳಗೆ ಕೆಂಡ ಮಾತ್ರ ಬೇಡವೇ ಬೇಡ. ಅಗ್ಗಿಷ್ಟಿಕೆ, ಬಾರ್ಬೆಕ್ಯೂ, ಕ್ಯಾಂಪಿಂಗ್ ಒಲೆ ಯಾವುದೂ ಬೇಡ. ಬಾಣಂತನಕ್ಕೆಂದು ಊರಿಂದ ಬಂದ ಅಜ್ಜಿಯಂದಿರು ಮಗುವಿಗೆ ಎಣ್ಣೆನೀರು ಹಾಕಿ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವ ಪದ್ಧತಿ ನಮ್ಮಲ್ಲಿದೆಯಲ್ಲ, ಹೆಂಚಿನ ಮನೆಗೆ ಅದು ನಡೆಯುತ್ತಿತ್ತು. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅಮ್ಮನಿಗೆ ಬೇಜಾರಾದರೂ ಸರಿ, ಮೊದಲೇ ಹೇಳಿಬಿಡಿ. ಮಲಗುವ ಕೋಣೆಗಳಿರುವ ಪ್ರತಿ ಮಹಡಿಯಲ್ಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಅದಕ್ಕೂ ಆಯುಷ್ಯ ಇದೆ: ಹಿಂಬದಿಯಲ್ಲಿ ಅಚ್ಚಾದ ತಾರೀಖು ಮೀರಿದ್ದರೆ ಗುಂಡಿ ಒತ್ತಿದಾಗ ಕೂಗಿದರೂ ಅದನ್ನು ನಂಬುವಂತಿಲ್ಲ.

ಇನ್ನು ಅನಿಲ. ಹಳ್ಳಿಯ ಎಷ್ಟೋ ಮನೆಗಳಿಗೆ ಅನಿಲದ ಕೊಳವೆ ಮಾರ್ಗ ಇಲ್ಲ. ಅಂಗಳದಲ್ಲಿ ಬಿಳಿ ಪ್ರೊಪೇನ್ ಟ್ಯಾಂಕ್ ಕೂತಿರುತ್ತದೆ. ಸಾಮಾನ್ಯ ಅಳತೆ ಸುಮಾರು 1900 ಲೀಟರ್, ತುಂಬುವುದು ಅದರ 80 ಶೇಕಡಾ ಮಾತ್ರ. 80,000 ಬಿ.ಟಿ.ಯು. (ಶಾಖದ ಅಳತೆ) ಫರ್ನೇಸ್ ಪೂರ್ತಿ ಉರಿದರೆ ಗಂಟೆಗೆ 3.3 ಲೀಟರ್ ಆಸುಪಾಸು ಕುಡಿಯುತ್ತದೆ. ಕಡುಚಳಿಯ ವಾರದಲ್ಲಿ ದಿನಕ್ಕೆ 14 ಗಂಟೆ ಉರಿಯಿತು ಅನ್ನಿ, ಸುಮಾರು 46 ಲೀಟರ್ ಆಯಿತು. 80ರಿಂದ 30 ಶೇಕಡಾಕ್ಕೆ ಬರಲು ಮೂರೇ ವಾರ. ಮುಳ್ಳು 30ಕ್ಕೆ ಬಂದಾಗಲೇ ಲಾರಿಗೆ ಹೇಳಬೇಕು, ಯಾಕೆಂದರೆ ಪ್ರೊಪೇನ್ ದ್ರವ ಕುದಿದು ಅನಿಲವಾಗುವುದು ಮೈನಸ್ 42ರಲ್ಲಿ. ಹೊರಗೆ ಮೈನಸ್ 35 ಇದ್ದಾಗ ಟ್ಯಾಂಕಿನ ಒತ್ತಡ ಹೇಗೂ ಕುಗ್ಗಿರುತ್ತದೆ. ತಳದಲ್ಲಿ ಸ್ವಲ್ಪವೇ ಉಳಿದಿದ್ದರೆ ಫರ್ನೇಸಿಗೆ ಬೇಕಾದಷ್ಟು ಅನಿಲ ಏಳುವುದೇ ಇಲ್ಲ. ಟ್ಯಾಂಕಿನಲ್ಲಿ ಅನಿಲ ಇದ್ದೂ ಮನೆ ತಣ್ಣಗಾಗುತ್ತದೆ.

ಬಾಡಿಗೆದಾರರು ಸಿಕ್ಕಿಬೀಳುವ ಗುಂಡಿ ಬೇರೆ. ಹಿಂದಿನವರು ಖಾಲಿ ಮಾಡಿದಾಗ ಅವರ ಹೆಸರಿನ ಸರಬರಾಜು ಖಾತೆಯೂ ಮುಚ್ಚಿಹೋಗುತ್ತದೆ. ಲಾರಿ ತಾನಾಗಿ ಬಂದು ತುಂಬುತ್ತದೆ ಎಂದು ನಂಬಿ ಕೂತವರ ಟ್ಯಾಂಕ್ ಡಿಸೆಂಬರಿನಲ್ಲಿ ಬರಿದಾಗುತ್ತದೆ. ಪೂರ್ತಿ ಬರಿದಾದರೆ ತುಂಬಿಸಿಕೊಂಡು ಹಚ್ಚಿಬಿಡುವಂತಿಲ್ಲ. ಸೋರಿಕೆ ಪರೀಕ್ಷೆ ಆಗಬೇಕು, ತುರ್ತು ಕರೆಯ ದುಡ್ಡು ಬೇರೆ. ಟ್ಯಾಂಕ್ ಯಾರದು, ಖಾತೆ ಯಾರ ಹೆಸರಲ್ಲಿ, ಕಳೆದ ಜನವರಿ ಫೆಬ್ರವರಿಯ ಬಿಲ್ ಎಷ್ಟು, ರಾತ್ರಿ ಕೆಟ್ಟರೆ ಯಾರಿಗೆ ಫೋನು: ಇಷ್ಟನ್ನು ಕರಾರಿನಲ್ಲೇ ಬರೆಸಿ. ಬಿಲ್ ತೋರಿಸಲು ಹಿಂದೆಮುಂದೆ ನೋಡುವ ಮಾಲೀಕರ ಮನೆ ಬೇಡ. ಹಾಗೆಯೇ ಗೇಟಿನಿಂದ ಮನೆಯವರೆಗಿನ ದಾರಿ. ಹಿಮ ಗೋರುವ ಪಂಚಾಯಿತಿಯ ಗ್ರೇಡರ್ ಯಂತ್ರ ಬರುವುದು ದೊಡ್ಡ ರಸ್ತೆಗಷ್ಟೇ. ನಿಮ್ಮ 150 ಮೀಟರ್ ಗೋರದಿದ್ದರೆ ಅನಿಲದ ಲಾರಿಯೂ ಬರದು, ಆಂಬುಲೆನ್ಸೂ ಬರದು. ಟ್ರ್ಯಾಕ್ಟರ್ ಇರುವ ಪಕ್ಕದ ಹೊಲದವರೊಂದಿಗೆ ಅಕ್ಟೋಬರಿಗೇ ಮಾತಾಡಿಕೊಳ್ಳಿ.

ಎಲ್ಲರೂ ಕೊಡುವ ಒಂದು ಸಲಹೆ ಹಳ್ಳಿಮನೆಯಲ್ಲಿ ತಿರುಗಿ ಹೊಡೆಯುತ್ತದೆ: ಕೊಳವೆ ಹೆಪ್ಪುಗಟ್ಟದಂತೆ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ ಎನ್ನುವುದು. ನಗರಕ್ಕೆ ಅದು ಸರಿ. 2014ರ ಚಳಿಗಾಲದಲ್ಲಿ ವಿನ್ನಿಪೆಗ್ ನಗರದಲ್ಲೇ ಸಾವಿರಾರು ಕಟ್ಟಡಗಳ ನೀರಿನ ಕೊಳವೆ ನೆಲದಡಿಯಲ್ಲಿ ಹೆಪ್ಪುಗಟ್ಟಿ, ನಲ್ಲಿ ಹರಿಯಬಿಡಿ ಎಂದು ನಗರಾಡಳಿತವೇ ಹೇಳಬೇಕಾಯಿತು. ಆದರೆ ನಿಮ್ಮ ನೀರು ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ. ತೊಟ್ಟಿಕ್ಕುವ ನೀರು ಅಲ್ಲಿಗೆ ಹೋಗುವ ಕೊಳವೆಯಲ್ಲಿ ತೆಳ್ಳಗೆ, ನಿಧಾನವಾಗಿ ಹರಿಯುತ್ತಾ ಪದರಪದರವಾಗಿ ಗಟ್ಟಿಯಾಗಿ ಕೊನೆಗೆ ಬಾಯನ್ನೇ ಕಟ್ಟುತ್ತದೆ. ಆಮೇಲೆ ಬಚ್ಚಲಿನಲ್ಲಿ ಕೊಳಕು ನೀರು ಮೇಲಕ್ಕೆ ಬರುತ್ತದೆ, ಸರಿಮಾಡುವವರು ಬಿಸಿನೀರು ಚಿಮ್ಮಿಸುವ ಯಂತ್ರ ತರಬೇಕು. ಸೋರುವ ಕಮೋಡ್ ಟ್ಯಾಂಕೂ ಇದನ್ನೇ ಮಾಡುತ್ತದೆ. ಹೊಸ ಫರ್ನೇಸ್ ದಿನವಿಡೀ ಹನಿಸುವ ನೀರೂ ಅಷ್ಟೇ, ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ನಲ್ಲಿ ಬಿಡಲೇಬೇಕಾದರೆ ನಮ್ಮ ಬಕೆಟ್ ಬುದ್ಧಿಯೇ ಮೇಲು: ಕೆಳಗೆ ಬಕೆಟ್ ಇಟ್ಟು ಹಿಡಿಯಿರಿ, ತುಂಬಿದ ಮೇಲೆ ಒಮ್ಮೆಲೇ ಸುರಿಯಿರಿ. ಫರ್ನೇಸಿನ ನೀರಿಗೂ ಅದೇ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ರಾತ್ರಿ ತೆರೆದಿಡಿ. ಹೆಪ್ಪುಗಟ್ಟಿದ ಕೊಳವೆಯನ್ನು ಕರಗಿಸುವಾಗ ನಲ್ಲಿ ತೆರೆದು, ನಲ್ಲಿಯ ತುದಿಯಿಂದ ಹಿಂದಕ್ಕೆ ಹೇರ್ ಡ್ರೈಯರ್ ಹಿಡಿಯುತ್ತಾ ಹೋಗಿ. ಬೆಂಕಿಯ ಟಾರ್ಚ್ ಹಿಡಿದು ಮನೆಯನ್ನೇ ಸುಟ್ಟುಕೊಂಡವರಿದ್ದಾರೆ.

ಸೆಪ್ಟಿಕ್ ಟ್ಯಾಂಕ್, ಅದರ ನೀರು ಇಂಗುವ ಜಾಗ, ಇವುಗಳ ಮೇಲಿನ ಹಿಮವೇ ಅವಕ್ಕೆ ಕಂಬಳಿ. ಅದನ್ನು ಗೋರಬಾರದು, ಅದರ ಮೇಲೆ ಕಾರು ನಿಲ್ಲಿಸಬಾರದು, ಮಕ್ಕಳು ಹಿಮದ ಮೇಲೆ ಜಾರುವ ಸ್ಲೆಡ್ ಆಡುವ ಜಾಗವೂ ಅದಾಗಬಾರದು. ತುಳಿದು ಗಟ್ಟಿಯಾದ ಹಿಮ ಚಳಿಯನ್ನು ಆಳಕ್ಕೆ ಇಳಿಸುತ್ತದೆ. ಹಿಮ ಬೀಳುವುದಕ್ಕೆ ಮುಂಚೆ ಒಂದಡಿ ಒಣಹುಲ್ಲು ಹಾಸಿದರೆ ಇನ್ನೂ ಒಳ್ಳೆಯದು.

ಬಾವಿಯ ನೀರಿನ ವಿಷಯದಲ್ಲಿ ನಮ್ಮವರ ನಂಬಿಕೆಯೇ ಅಪಾಯ. ಕುದಿಸಿ ಆರಿಸಿದರೆ ಮಗುವಿಗೆ ಕೊಡಬಹುದು ಎನ್ನುವುದು ಬ್ಯಾಕ್ಟೀರಿಯಾದ ಮಟ್ಟಿಗೆ ನಿಜ. ಗೊಬ್ಬರ, ದನದ ಸಗಣಿ, ಸೆಪ್ಟಿಕ್ಕಿನಿಂದ ಬಾವಿಗೆ ಇಳಿಯುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಫ್ಲೋರೈಡ್ ಕುದಿಸಿದರೆ ಹೋಗದು ಎಂದು ಕೋಲಾರ, ಪಾವಗಡದವರಿಗೆ ಗೊತ್ತಿದೆ, ಇದೂ ಅದೇ ಕತೆ. ಆರು ತಿಂಗಳೊಳಗಿನ, ಪುಡಿಹಾಲು ಕುಡಿಯುವ ಕೂಸಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ನೈಟ್ರೇಟ್ ಕುಗ್ಗಿಸುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಕೆನಡಾದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಅದನ್ನೇ ನೈಟ್ರೇಟಿನೊಳಗಿನ ನೈಟ್ರೋಜನ್ ಲೆಕ್ಕದಲ್ಲಿ ಬರೆದರೆ 10. ಲ್ಯಾಬಿನ ಕಾಗದದಲ್ಲಿ 12 ಎಂದಿದ್ದರೆ ಅದು ಯಾವ ಲೆಕ್ಕ ಎಂದು ಕೇಳದೆ ನಿಟ್ಟುಸಿರು ಬಿಡಬೇಡಿ. ಜೊತೆಗೆ ಇ. ಕೋಲಿ, ಆರ್ಸೆನಿಕ್, ಯುರೇನಿಯಂ, ಮ್ಯಾಂಗನೀಸ್ ಪರೀಕ್ಷೆಯನ್ನೂ ಮಾಡಿಸಿ. ಜಗ್ಗಿನ ಇದ್ದಿಲು ಫಿಲ್ಟರ್ ನೈಟ್ರೇಟ್ ತೆಗೆಯದು, ಆರ್‌ಒ ತೆಗೆಯುತ್ತದೆ. ಗಡಸು ನೀರನ್ನು ಮೆದುಗೊಳಿಸುವ ಯಂತ್ರ ಸೋಡಿಯಂ ಸೇರಿಸುವುದರಿಂದ ಅದರ ನೀರೂ ಕೂಸಿನ ಹಾಲಿಗೆ ಬೇಡ. ಫಲಿತಾಂಶ ಬರುವ ತನಕ ಕ್ಯಾನ್ ನೀರು ತನ್ನಿ.

ಕರೆಂಟ್ ಹೋದರೆ ಫರ್ನೇಸಿನ ಫ್ಯಾನೂ ನಿಲ್ಲುತ್ತದೆ, ಬಾವಿಯ ಪಂಪೂ ನಿಲ್ಲುತ್ತದೆ. ಐವತ್ತು ಲೀಟರ್ ನೀರು ಸದಾ ತುಂಬಿಟ್ಟಿರಿ. ಜನರೇಟರ್ ಇಟ್ಟರೆ ಮನೆಯಿಂದ ಆರು ಮೀಟರ್ ದೂರ ಇಡಿ, ಗ್ಯಾರೇಜಿನ ಬಾಗಿಲು ತೆರೆದಿದೆಯಲ್ಲ ಎಂದು ಅದರೊಳಗೆ ಇಡಬೇಡಿ. ಜನರೇಟರಿನ ವೈರನ್ನು ಮನೆಯ ಪ್ಲಗ್ಗಿಗೆ ತಿರುಗಿಸಿ ಚುಚ್ಚಿದರೆ ಕರೆಂಟ್ ಹೊರಗಿನ ತಂತಿಗೂ ಹರಿದು ಲೈನ್‌ಮನ್ ಸಾಯಬಹುದು. ಎಲೆಕ್ಟ್ರಿಷಿಯನ್ ಹಾಕಿದ ಚೇಂಜ್‌ಓವರ್ ಸ್ವಿಚ್ ಬೇಕು.

ಚಳಿಗೆ ಮೈ ಒಣಗುತ್ತದೆಂದು ಗಾಳಿಗೆ ತೇವ ಬಿಡುವ ಹ್ಯುಮಿಡಿಫೈಯರ್ ಹಚ್ಚಿ, ಮೇಲೆ ಕುಕ್ಕರ್ ಕೂಗಿಸಿ, ಬಟ್ಟೆಯನ್ನೂ ಒಳಗೇ ಒಣಹಾಕಿದರೆ ಕಿಟಕಿಯ ಒಳಮೈ ಮಂಜುಗಡ್ಡೆಯಾಗುತ್ತದೆ, ವಸಂತದಲ್ಲಿ ಕರಗಿ ಬೂಸ್ಟು ಹಿಡಿಯುತ್ತದೆ. ಹೊರಗೆ ಮೈನಸ್ 30 ಇದ್ದಾಗ ಒಳಗಿನ ತೇವಾಂಶ 15ರಿಂದ 20 ಶೇಕಡಾ ಇದ್ದರೆ ಸಾಕು. ಅಡುಗೆಯ ಫ್ಯಾನು ಆವಿಯನ್ನು ಹೊರಗೆ ತಳ್ಳುತ್ತದೋ, ತಿರುಗಿ ಒಳಗೇ ಊದುತ್ತದೋ ನೋಡಿ.

ಕಾರಿಗೆ ಬ್ಲಾಕ್ ಹೀಟರ್, ಅಂದರೆ ಎಂಜಿನ್ ಬೆಚ್ಚಗಿಡುವ ವಿದ್ಯುತ್ ಹೀಟರ್, ಇಲ್ಲದೆ ಅಲ್ಲಿ ನಡೆಯದು. ಮೈನಸ್ 15ಕ್ಕಿಂತ ಕೆಳಗಿದ್ದರೆ ಹೊರಡುವ ಮೂರು ನಾಲ್ಕು ಗಂಟೆ ಮೊದಲು ಟೈಮರ್ ಹಾಕಿ ಚುಚ್ಚಿದರಾಯಿತು, ಇಡೀ ರಾತ್ರಿ ಬೇಕಿಲ್ಲ. ಚಳಿಗಾಲದ ಟೈರಿನ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತಿರಬೇಕು. ಪೆಟ್ರೋಲ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ದಾರಿಯಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಹೊಗೆಕೊಳವೆಯ ಸುತ್ತಲ ಹಿಮ ತೆಗೆದು, ಗಾಳಿ ಬೀಸದ ಬದಿಯ ಕಿಟಕಿ ತುಸು ಇಳಿಸಿ, ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ. ಮಗುವಿಗೆ ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿನ ಬೆಲ್ಟ್ ಬಿಗಿಯುವುದು ದೊಡ್ಡ ತಪ್ಪು. ಡಿಕ್ಕಿಯಾದರೆ ಜಾಕೆಟಿನ ಹತ್ತಿ ಕುಗ್ಗಿ ಬೆಲ್ಟ್ ಸಡಿಲಾಗುತ್ತದೆ, ಮಗು ಜಾರುತ್ತದೆ. ತೆಳು ಉಡುಪಿನ ಮೇಲೆ ಬೆಲ್ಟ್ ಬಿಗಿದು, ಜಾಕೆಟನ್ನು ಹಿಂದುಮುಂದಾಗಿ ತೋಳಿಗೆ ತೊಡಿಸಿ. ಎದೆಹಾಲಿನ ಕೂಸಿಗೆ ದಿನಕ್ಕೆ 400 ಐ.ಯು. ವಿಟಮಿನ್ ಡಿ ಹನಿ ಮರೆಯಬೇಡಿ, ಅಲ್ಲಿಯ ಚಳಿಗಾಲದ ಬಿಸಿಲನ್ನು ನೆಚ್ಚುವಂತಿಲ್ಲ.

ಅಲ್ಲಿಯ ತುರ್ತು ನಂಬರ್ 911ಕ್ಕೆ ಫೋನು ಮಾಡಿದಾಗ "ಆ ಕೆಂಪು ಕೊಟ್ಟಿಗೆಯ ಪಕ್ಕದ ಮನೆ" ಎಂದರೆ ಯಾರಿಗೂ ತಿಳಿಯದು. ಗೇಟಿನ ಬಳಿಯ ನಂಬರ್ ಹಲಗೆ, ನಮ್ಮ ಸರ್ವೆ ನಂಬರಿನಂಥ ಜಮೀನಿನ ಸೆಕ್ಷನ್, ಟೌನ್‌ಶಿಪ್, ರೇಂಜ್ ಸಂಖ್ಯೆ ಎರಡನ್ನೂ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ ರಾತ್ರಿ ತೆರೆದಿರುತ್ತದೋ ಇಲ್ಲವೋ ಮೊದಲೇ ಕೇಳಿ. ಸಿಬ್ಬಂದಿ ಸಾಲದೆ ಹಳ್ಳಿಯ ಕಡೆ ಅದನ್ನು ಮುಚ್ಚುವುದುಂಟು.

ಸಂಕ್ರಾಂತಿಗೆ ಊರಿಗೆ ಹೋಗಿಬರೋಣ ಎಂದು ಜನವರಿಯಲ್ಲಿ ಮೂರು ವಾರ ಮನೆಗೆ ಬೀಗ ಹಾಕುವವರು ಮನೆ ವಿಮೆಯ ಕಾಗದವನ್ನು ಮೊದಲು ಓದಬೇಕು. ಚಳಿಗಾಲದಲ್ಲಿ ಸಾಮಾನ್ಯವಾಗಿ ನಾಲ್ಕು ದಿನಕ್ಕಿಂತ ಹೆಚ್ಚು ಮನೆ ಖಾಲಿ ಬಿಟ್ಟು, ಯಾರೂ ದಿನಾ ಬಂದು ನೋಡದೆ, ನೀರನ್ನೂ ಬಂದ್ ಮಾಡದೆ ಹೋಗಿದ್ದರೆ ಕೊಳವೆ ಒಡೆದ ನಷ್ಟವನ್ನು ಕಂಪನಿ ಕೊಡುವುದಿಲ್ಲ. ಹೊರಡುವ ದಿನ ಪಂಪಿನ ಬ್ರೇಕರ್, ನೀರು ಕಾಯಿಸುವ ಹೀಟರ್ ಎರಡನ್ನೂ ಆರಿಸಿ, ಎಲ್ಲ ನಲ್ಲಿ ತೆರೆದು ಕೊಳವೆ ಬಸಿಯಿರಿ. ಸಿಂಕಿನ ಬಾಗು ಕೊಳವೆಗೆ, ಕಮೋಡಿಗೆ ಹೆಪ್ಪುಗಟ್ಟದ ದ್ರವವಾದ ಗುಲಾಬಿ ಬಣ್ಣದ ಪ್ಲಂಬಿಂಗ್ ಆಂಟಿಫ್ರೀಜ್ ಸುರಿಯಿರಿ, ಕಾರಿನದಲ್ಲ. ಥರ್ಮೋಸ್ಟಾಟ್ 15ರಲ್ಲಿರಲಿ. ಬೀಗದ ಕೈ ಕೊಟ್ಟವರಿಗೆ ಟ್ಯಾಂಕಿನ ಮುಳ್ಳು, ಹೊರಗಿನ ಎರಡು ಕೊಳವೆ ತೋರಿಸಿ, ಬಂದುಹೋದ ತಾರೀಖು ಬರೆದಿಡಲು ಹೇಳಿ. ಸೆಪ್ಟಿಕ್ಕಿನ ಮೇಲಿನ ಹಿಮ ಮುಟ್ಟಬೇಡಿ ಅಂತಲೂ ಹೇಳಿ ಹೋಗಿ. ಇಲ್ಲದಿದ್ದರೆ ಪಾಪ, ಉಪಕಾರ ಮಾಡುತ್ತೇವೆಂದು ಅದನ್ನೂ ಗೋರಿಟ್ಟುಬಿಡುತ್ತಾರೆ.