ಹಳೇ ಕಂಪ್ಯೂಟರಿಗೆ ಐಪಿ ವಿಳಾಸ: ಆಟೋಮ್ಯಾಟಿಕ್ಕೋ, ಕೈಯಿಂದ ಕೊಡುವುದೋ, ರೂಟರಿನಲ್ಲಿ ಕಾಯ್ದಿರಿಸುವುದೋ?

ಶಿರಸಿಯಿಂದ ಯಲ್ಲಾಪುರ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ನಮ್ಮ ಮನೆ. ಜಗುಲಿಯ ಮೂಲೆಯಲ್ಲಿ 2011ರಲ್ಲಿ ತಂದ ಡೆಸ್ಕ್‌ಟಾಪ್ ಇದೆ, ವಿಂಡೋಸ್ 7. ಅಪ್ಪಯ್ಯ ಕೊನೆಕೊಯ್ಲಿನ ಕೂಲಿ ಲೆಕ್ಕ, ಅಡಿಕೆ ಮಾರಿದ ಲೆಕ್ಕ ಎಲ್ಲ ಇಟ್ಟಿರುವುದು ಅದರಲ್ಲೇ. ಪ್ರಿಂಟರ್ ಕೂಡ ಅದಕ್ಕೇ ಜೋಡಿಸಿದ್ದು. ತಂಗಿ ತನ್ನ ಲ್ಯಾಪ್‌ಟಾಪಿನಿಂದ ಪ್ರಿಂಟ್ ಕೊಡುವುದು ಈ ಡೆಸ್ಕ್‌ಟಾಪಿನ ಐಪಿ ವಿಳಾಸದ ಮೂಲಕ, ಎಂದರೆ ಮನೆಯ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆಯ ಮೂಲಕ. ಹಾಗಾಗಿ ಆ ವಿಳಾಸ ಬದಲಾದರೆ ನಮಗೆ ತೊಂದರೆ. ನಾನು ಇರುವುದು ಹುಬ್ಬಳ್ಳಿಯಲ್ಲಿ. ಕಳೆದ ಮಳೆಗಾಲವಿಡೀ ಅಪ್ಪಯ್ಯನ ಫೋನು: "ತಮಾ, ನೆಟ್ ಮತ್ತೆ ಹೋತು."

ಒಂದೊಂದೇ ದಾರಿ ಹಿಡಿದು ನೋಡಿದೆ. ಯಾವುದು ಒಳ್ಳೆಯದು ಎಂದು ತೀರ್ಮಾನಿಸಲು ನನ್ನ ಅಳತೆ ಒಂದೇ. ಎಲ್ಲ ಸರಿ ಇರುವ ದಿನ ಯಾವ ಸೆಟ್ಟಿಂಗ್ ಆದರೂ ನಡೆಯುತ್ತದೆ. ಏನೋ ಕೆಟ್ಟ ದಿನ, ನಾನು ಮನೆಯಲ್ಲಿ ಇಲ್ಲದಾಗ, ಅಪ್ಪಯ್ಯ ಒಬ್ಬರೇ ಇದ್ದರೆ ಏನಾಗುತ್ತದೆ?

ಸೆಟ್ಟಿಂಗಿಗೆ ಕೈ ಹಾಕುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಮಳೆಗಾಲದ ತೇವಕ್ಕೆ ಲ್ಯಾನ್ ಕೇಬಲ್ ತುದಿಯ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಕಂಪ್ಯೂಟರ್ ಹಿಂದೆ, ಕೇಬಲ್ ಸಿಕ್ಕಿಸುವ ಜಾಗದಲ್ಲಿ ದೀಪ ಉರಿಯದಿದ್ದರೆ ವಿಳಾಸ ಬದಲಿಸಿ ಪ್ರಯೋಜನ ಇಲ್ಲ. ಇನ್ನೊಂದು, ಗಡಿಯಾರ. ಹಳೇ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ವೆಬ್‌ಸೈಟುಗಳು ಸರ್ಟಿಫಿಕೇಟ್ ಸರಿ ಇಲ್ಲ ಎಂದು ತೆರೆಯುವುದಿಲ್ಲ. ನೋಡಿದವರಿಗೆ ನೆಟ್ ಹೋದ ಹಾಗೇ ಕಾಣುತ್ತದೆ. ನಮ್ಮಲ್ಲಿ ಮೊದಲ ಎರಡು ಫೋನು ಇದೇ ಕಾರಣಕ್ಕೆ ಬಂದದ್ದು. ಸೆಲ್ ಬದಲಿಸಿದೆ, ಅದು ಅಲ್ಲಿಗೆ ಮುಗಿಯಿತು.

ಈಗ ಆಟೋಮ್ಯಾಟಿಕ್. ಕಂಪ್ಯೂಟರ್ ಶುರುವಾದಾಗ ರೂಟರನ್ನು "ನನಗೊಂದು ವಿಳಾಸ ಕೊಡು" ಎಂದು ಕೇಳುತ್ತದೆ. ರೂಟರ್ ಒಂದು ವಿಳಾಸ ಕೊಡುತ್ತದೆ, ಇಂತಿಷ್ಟು ಹೊತ್ತಿಗೆ ಅಂತ. ಇದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ನಾವು ಏನನ್ನೂ ತುಂಬಬೇಕಾಗಿಲ್ಲ. ಆದರೆ ನಮ್ಮ ಮನೆಯಲ್ಲಿ ರೂಟರ್ ಇರುವುದು ಮೆತ್ತಿನ ಮೇಲೆ, ನಡುವೆ ಒಂದು ಸಣ್ಣ ನೆಟ್‌ವರ್ಕ್ ಸ್ವಿಚ್, ಎಂದರೆ ಲ್ಯಾನ್ ಕೇಬಲ್ಲುಗಳನ್ನು ಒಟ್ಟಿಗೆ ಜೋಡಿಸುವ ಪೆಟ್ಟಿಗೆ. ಕರೆಂಟ್ ಬಂದ ಕೂಡಲೇ ಸ್ವಿಚ್ ಎದ್ದು ಕೂರುತ್ತದೆ, ಕಂಪ್ಯೂಟರ್ ಶುರುವಾಗುತ್ತದೆ, ರೂಟರ್ ಮಾತ್ರ ಇನ್ನೂ ಏಳುತ್ತಾ ಇರುತ್ತದೆ. ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ. ಆಗ ವಿಂಡೋಸ್ ತಾನೇ 169.254 ಎಂದು ಶುರುವಾಗುವ ಒಂದು ವಿಳಾಸ ಇಟ್ಟುಕೊಳ್ಳುತ್ತದೆ. ಅದರಿಂದ ಇಂಟರ್ನೆಟ್ಟಿಗೆ ಹೋಗಲು ಆಗುವುದಿಲ್ಲ.

ಕಮಾಂಡ್ ಪ್ರಾಂಪ್ಟ್ ತೆರೆದು "ಐಪಿಕಾನ್ಫಿಗ್" (ipconfig) ಎಂದು ಇಂಗ್ಲಿಷಿನಲ್ಲಿ ಹೊಡೆದಾಗ 169.254 ಕಂಡರೆ ಅರ್ಥ ಇಷ್ಟೇ: ರೂಟರಿನಿಂದ ವಿಳಾಸ ಸಿಕ್ಕಿಲ್ಲ. ವಿಂಡೋಸ್ ಐದೈದು ನಿಮಿಷಕ್ಕೆ ಮತ್ತೆ ಕೇಳುತ್ತದೆ, ಕಾದರೆ ಸರಿಹೋಗುತ್ತದೆ. ಕಾಯಲು ಆಗದಿದ್ದರೆ ಅದೇ ಕಮಾಂಡಿಗೆ ರಿನ್ಯೂ ಸೇರಿಸಿ (ipconfig /renew) ಹೊಡೆಯಬಹುದು, ಇಲ್ಲವೇ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೂ ಸಾಕು. ಅಪ್ಪಯ್ಯ ಆ ಕೊನೆಯದನ್ನು ಒಂದೇ ದಿನದಲ್ಲಿ ಕಲಿತರು.

ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದ ಮೇಲೆ ಈ ತೊಂದರೆ ಹೆಚ್ಚುಕಡಿಮೆ ನಿಂತೇಹೋಯಿತು. ಆದರೆ ಪ್ರಿಂಟರಿನ ಸಮಸ್ಯೆ ಹಾಗೇ ಉಳಿಯಿತು. ಇವತ್ತು 192.168.1.5 ಇದ್ದದ್ದು ನಾಲ್ಕು ದಿನ ಬಿಟ್ಟು 192.168.1.9 ಆಗಿರುತ್ತಿತ್ತು.

ಅದಕ್ಕೇ ಕೈಯಿಂದ ಕೊಟ್ಟೆ. ಅಡಾಪ್ಟರಿನ ಪ್ರಾಪರ್ಟೀಸ್‌ನಲ್ಲಿ ಐಪಿ ವರ್ಷನ್ 4 ತೆರೆದು 192.168.1.5, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ (ಎಂದರೆ ರೂಟರಿನ ವಿಳಾಸ) 192.168.1.1 ತುಂಬಿದೆ. ಎರಡು ತಿಂಗಳು ಚೆನ್ನಾಗಿತ್ತು. ಪ್ರಿಂಟ್ ಒಂದು ದಿನವೂ ತಪ್ಪಲಿಲ್ಲ.

ಚೌತಿಗೆ ಮನೆ ತುಂಬಾ ನೆಂಟರು. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಒಂದೇ ವಿಳಾಸ ಎರಡು ಕಡೆ ಇದೆ ಎಂಬ ಎಚ್ಚರಿಕೆ, ನೆಟ್ ಇಲ್ಲ. ಆಗಿದ್ದು ಏನೆಂದರೆ, ನಾನು 5ನ್ನು ಕಂಪ್ಯೂಟರಿಗೆ ಕೊಟ್ಟದ್ದು ರೂಟರಿಗೆ ಗೊತ್ತೇ ಇಲ್ಲ. ಅದು ಹಂಚುವ ಪಟ್ಟಿ 2ರಿಂದ 254ರವರೆಗೆ. ರಾತ್ರಿ ಕಂಪ್ಯೂಟರ್ ಆರಿಸಿದ್ದಾಗ 5 ಖಾಲಿ ಕಂಡಿದೆ, ಯಾರದೋ ಫೋನಿಗೆ ಕೊಟ್ಟಿದೆ. ತಪ್ಪು ನನ್ನದು. ಕೈಯಿಂದ ವಿಳಾಸ ಕೊಡುವವರು ಜಾಸ್ತಿ ಎಡವುವುದು ಇಲ್ಲೇ.

ಅದನ್ನು ಸರಿಮಾಡುವುದು ಸುಲಭ. ರೂಟರಿನ ಪುಟದಲ್ಲಿ ಹಂಚುವ ಪಟ್ಟಿಯನ್ನು 100ರಿಂದ 200ಕ್ಕೆ ಇಳಿಸಿದೆ, ಕಂಪ್ಯೂಟರಿಗೆ 20 ಕೊಟ್ಟೆ. ಇನ್ನು ಜಗಳ ಇಲ್ಲ. ಇದೇ ಕೊನೆ ಉತ್ತರ ಎಂದು ನಂಬಿದ್ದೆ.

ದೀಪಾವಳಿ ಹೊತ್ತಿಗೆ ಗುಡುಗು ಮಳೆ. ಸಿಡಿಲಿಗೆ ರೂಟರ್ ಸುಟ್ಟಿತು. ಹೊಸದು ಬಂತು, ಅದರ ವಿಳಾಸ 192.168.0.1. ಮನೆಯ ಫೋನುಗಳಿಗೆಲ್ಲ ನೆಟ್ ಬಂತು, ಡೆಸ್ಕ್‌ಟಾಪಿಗೆ ಮಾತ್ರ ಇಲ್ಲ. ಅದು ಇನ್ನೂ 192.168.1.1ನ್ನೇ ಹುಡುಕುತ್ತಿತ್ತು, ಅಲ್ಲಿ ಯಾರೂ ಇಲ್ಲ. ಫೋನಿನಲ್ಲೇ ಅಪ್ಪಯ್ಯನಿಗೆ ಒಂದೊಂದು ಕಿಟಕಿ ತೆರೆಸಿ, ಯಾವ ಸಾಲು ಎಲ್ಲಿದೆ ಎಂದು ಓದಿಸಿ, ಆಟೋಮ್ಯಾಟಿಕ್ಕಿಗೆ ತರಲು ಒಂದು ತಾಸಿನ ಮೇಲೆ ಹಿಡಿಯಿತು. ಎಪ್ಪತ್ತು ದಾಟಿದವರಿಗೆ ಆ ಪುಟ್ಟ ಅಕ್ಷರ ಓದುವುದು ಎಷ್ಟು ಕಷ್ಟ ಎಂದು ಅವತ್ತು ನನಗೆ ಅರ್ಥವಾಯಿತು. ನಾನು ಮಾಡಿಟ್ಟ ಸೆಟ್ಟಿಂಗಿನ ಭಾರ ಅವರ ಮೇಲೆ ಬಿದ್ದಿತ್ತು.

ನಡುವೆ ಇನ್ನೆರಡು ಪ್ರಯತ್ನ ಮಾಡಿದ್ದೆ. ಅದೇ ಕಿಟಕಿಯಲ್ಲಿ ಆಟೋಮ್ಯಾಟಿಕ್ ಆರಿಸಿದಾಗ ಮಾತ್ರ ಕಾಣುವ "ಆಲ್ಟರ್ನೇಟ್ ಕಾನ್ಫಿಗರೇಷನ್" ಎಂಬ ಟ್ಯಾಬ್ ಇದೆ. ರೂಟರ್ ವಿಳಾಸ ಕೊಡದಿದ್ದರೆ 169.254ರ ಬದಲು ನಾವು ಬರೆದಿಟ್ಟ ವಿಳಾಸ ಬಳಸುತ್ತದೆ. ಆಫೀಸಿಗೂ ಮನೆಗೂ ಓಡಾಡುವ ಲ್ಯಾಪ್‌ಟಾಪಿಗೆ ಚೆನ್ನ. ನಮ್ಮ ಕೆಲಸಕ್ಕೆ ಬರಲಿಲ್ಲ. "ನೆಟ್‌ಶ್" ಕಮಾಂಡಿನಿಂದ ಇಡೀ ಸೆಟ್ಟಿಂಗ್ ರಿಸೆಟ್ ಮಾಡಿ ಎಂದು ತುಂಬಾ ಜನ ಹೇಳುತ್ತಾರೆ. ಅದು ಕೈಯಿಂದ ಕೊಟ್ಟ ವಿಳಾಸವನ್ನೂ ಅಳಿಸಿಬಿಡಬಹುದು, ಮೊದಲು ಎಲ್ಲ ಬರೆದಿಟ್ಟುಕೊಂಡೇ ಮಾಡಿ.

ಡಿಎನ್‌ಎಸ್ ಬೇರೆ ವಿಷಯ. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವುದು ಅದರ ಕೆಲಸ. ಕಮಾಂಡ್ ಪ್ರಾಂಪ್ಟಿನಲ್ಲಿ ping 8.8.8.8 ಎಂದು ಹೊಡೆದರೆ ಉತ್ತರ ಬರುತ್ತದೆ, ಆದರೆ ವೆಬ್‌ಸೈಟ್ ಹೆಸರು ಹೊಡೆದರೆ ತೆರೆಯುವುದಿಲ್ಲ ಎಂದಾದರೆ ಐಪಿಯನ್ನು ಮುಟ್ಟಬೇಡಿ. ಡಿಎನ್‌ಎಸ್ ಮಾತ್ರ ಕೈಯಿಂದ 8.8.8.8, 1.1.1.1 ಎಂದು ಕೊಟ್ಟು ನೋಡಿ.

ಕೊನೆಗೆ ಉಳಿದದ್ದು ರೂಟರಿನಲ್ಲೇ ಕಾಯ್ದಿರಿಸುವುದು. ಕಂಪ್ಯೂಟರ್ ಆಟೋಮ್ಯಾಟಿಕ್ಕಿನಲ್ಲೇ ಇರುತ್ತದೆ. "ಈ ಯಂತ್ರ ಕೇಳಿದರೆ ಯಾವಾಗಲೂ ಇದೇ ವಿಳಾಸ ಕೊಡು" ಎಂದು ರೂಟರಿಗೆ ಹೇಳಿಡುತ್ತೇವೆ. ಯಂತ್ರದ ಗುರುತಿಗೆ ಮ್ಯಾಕ್ ವಿಳಾಸ ಬೇಕು, ಎರಡೆರಡರಂತೆ ಆರು ಜೋಡಿ, ಒಟ್ಟು 12 ಅಂಕಿ-ಅಕ್ಷರ. "ಐಪಿಕಾನ್ಫಿಗ್"ಗೆ ಆಲ್ ಸೇರಿಸಿ (ipconfig /all) ಹೊಡೆದರೆ "ಫಿಸಿಕಲ್ ಅಡ್ರೆಸ್" ಎಂಬ ಸಾಲಿನಲ್ಲಿ ಸಿಗುತ್ತದೆ. ವೈಫೈಗೆ ಒಂದು, ಕೇಬಲ್ಲಿಗೆ ಇನ್ನೊಂದು ಇರುತ್ತದೆ, ಸರಿಯಾದದ್ದನ್ನೇ ಬರೆದುಕೊಳ್ಳಿ. ರೂಟರಿನ ಪುಟದಲ್ಲಿ ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ: ಅಡ್ರೆಸ್ ರಿಸರ್ವೇಷನ್, ಸ್ಟ್ಯಾಟಿಕ್ ಲೀಸ್, ಐಪಿ-ಮ್ಯಾಕ್ ಬೈಂಡಿಂಗ್.

ಕೊರತೆ ಇಲ್ಲದಿಲ್ಲ. ಲ್ಯಾನ್ ಕಾರ್ಡ್ ಸುಟ್ಟು ಹೊಸದು ಹಾಕಿದರೆ ಮ್ಯಾಕ್ ಬದಲಾಗುತ್ತದೆ. ನೆಟ್ ಕೊಡುವವರು ರೂಟರಿನ ಪಾಸ್‌ವರ್ಡ್ ಕೊಡದಿದ್ದರೆ ಈ ದಾರಿ ಮುಚ್ಚಿದ ಹಾಗೆ. ಅಂಥವರು ಆಟೋಮ್ಯಾಟಿಕ್ಕಿನಲ್ಲೇ ಇರುವುದು ವಾಸಿ. ಹಂಚುವ ಪಟ್ಟಿ ಗೊತ್ತಿಲ್ಲದೆ ಕೈಯಿಂದ ವಿಳಾಸ ಕೊಡಬೇಡಿ.

ಒಂದು ಮಾತು ಪಕ್ಕದಲ್ಲಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಆ ಯಂತ್ರದಿಂದ ಬ್ಯಾಂಕಿನ ಕೆಲಸ ಮಾಡುವುದಿಲ್ಲ. ನೀವೂ ಮಾಡಬೇಡಿ.

ಜನವರಿಯಲ್ಲಿ ಮತ್ತೆ ರೂಟರ್ ಬದಲಾಯಿತು, ಲೈನಿನವರೇ ಬಂದು ಹೊಸ ಪೆಟ್ಟಿಗೆ ಇಟ್ಟು ಹೋದರು. ಸಂಜೆ ಅಪ್ಪಯ್ಯನ ಫೋನು ಬಂತು: "ತಮಾ, ನೆಟ್ ಬಂತು. ಪ್ರಿಂಟ್ ಮಾತ್ರ ಬತ್ತಿಲ್ಲೆ." ಆಟೋಮ್ಯಾಟಿಕ್ಕಿನಲ್ಲಿ ಇದ್ದದ್ದಕ್ಕೆ ನೆಟ್ ತಾನಾಗೇ ಸಿಕ್ಕಿತ್ತು. ಕಾಯ್ದಿರಿಸಿದ ವಿಳಾಸ ಹಳೇ ರೂಟರಿನ ಜೊತೆ ಹೋಗಿತ್ತು, ಅಷ್ಟೇ. ಭಾನುವಾರ ಊರಿಗೆ ಹೋದಾಗ ಕಪಾಟಿನ ಬಾಗಿಲ ಒಳಗೆ ಅಂಟಿಸಿಟ್ಟ ಚೀಟಿ ನೋಡಿ ಮ್ಯಾಕ್ ವಿಳಾಸ ಹೊಡೆದೆ. ಹೊಸ ವಿಳಾಸವನ್ನು ತಂಗಿಯ ಲ್ಯಾಪ್‌ಟಾಪಿಗೂ ಹಾಕಿದೆ. ಆಯಿ ಚಹಾ ತರುವಷ್ಟರಲ್ಲಿ ಪ್ರಿಂಟ್ ಹೊರಗೆ ಬಂದಿತ್ತು.